ಬೇಲೂರು ಒಳಗೆ, ಹಳೇಬೀಡು ಹೊರಗೆ: ಬೆಂಗಳೂರಿನಿಂದ ಒಂದೇ ದಿನದಲ್ಲಿ ಹೋಗಿ ಬರುವ ಬಗೆ

‘ಬೇಲೂರು ಗುಡಿ ಒಳಗೆ ನೋಡು, ಹಳೇಬೀಡು ಗುಡಿ ಹೊರಗೆ ನೋಡು’ ಎಂಬ ಹಳೆಯ ಮಾತೊಂದಿದೆ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ರಾತ್ರಿ ಮನೆಗೆ ಮರಳಬೇಕೆನ್ನುವವರಿಗೆ ಇದಕ್ಕಿಂತ ಚೆನ್ನಾದ ವೇಳಾಪಟ್ಟಿಯನ್ನು ಯಾರೂ ಬರೆದುಕೊಡಲಾರರು. ಆದರೆ ನನಗೆ ಇದು ಅರ್ಥವಾದದ್ದು ಒಮ್ಮೆ ಪೂರ್ತಿ ಕೆಟ್ಟ ಮೇಲೆಯೇ.

ಅದು ಏಪ್ರಿಲ್ ತಿಂಗಳ ಒಂದು ಭಾನುವಾರ. ಶ್ರವಣಬೆಳಗೊಳ, ಬೇಲೂರು, ಹಳೇಬೀಡು ಮೂರನ್ನೂ ಒಂದೇ ದಿನದಲ್ಲಿ ತೋರಿಸುತ್ತೇವೆ ಎಂದ ಬಸ್ಸೊಂದಕ್ಕೆ ನಾಲ್ಕು ಸೀಟು ಕಾಯ್ದಿರಿಸಿದ್ದೆ. ಊರಿನೊಳಗೆ ಏಳು ಕಡೆ ನಿಂತು ಜನರನ್ನು ಹತ್ತಿಸಿಕೊಳ್ಳುವ ಹೊತ್ತಿಗೆ ಎಂಟೂವರೆ. ಶ್ರವಣಬೆಳಗೊಳದ ಬೆಟ್ಟ ವಿಂಧ್ಯಗಿರಿಯ ಬುಡಕ್ಕೆ ಬಂದಾಗ ಹನ್ನೊಂದೂವರೆ. ಬರಿಗಾಲಲ್ಲಿ ಹತ್ತಬೇಕಾದ ಬಂಡೆ ಕಾದ ಕಾವಲಿಯಂತಾಗಿತ್ತು. ಅಮ್ಮ ಇಪ್ಪತ್ತು ಮೆಟ್ಟಿಲು ಹತ್ತಿ ಕೆಳಗೆ ಕುಳಿತುಬಿಟ್ಟರು. ಊಟ ಮುಗಿಸಿ ಬೇಲೂರಿಗೆ ಬಂದಾಗ ನಾಲ್ಕೂವರೆ, ಅಲ್ಲಿ ಕೊಟ್ಟದ್ದು ಮುಕ್ಕಾಲು ಗಂಟೆ. ಹಳೇಬೀಡಿನಲ್ಲಿ ಇಳಿದಾಗ ಸೂರ್ಯ ಕಂತುತ್ತಿದ್ದ, ಕಾವಲುಗಾರ ಸೀಟಿ ಊದುತ್ತಿದ್ದ. ಜಗತ್ತಿನಲ್ಲೇ ಹೆಸರಾದ ಆ ಗೋಡೆಯನ್ನು ನಾವು ಮೊಬೈಲ್ ಬೆಳಕಿನಲ್ಲಿ, ಒಂದು ಸಲಕ್ಕೆ ಒಂದೇ ಆನೆಯ ಕೆತ್ತನೆ ಕಾಣುವಂತೆ ನೋಡಿದೆವು.

ಆ ಮೇಲೆ ಅದೇ ದಾರಿಯಲ್ಲಿ ಹಲವು ಸಲ ಹೋಗಿದ್ದೇನೆ. ಸ್ವಂತ ಕಾರಿನಲ್ಲಿ, ಬಾಡಿಗೆ ಟ್ಯಾಕ್ಸಿಯಲ್ಲಿ, ಒಮ್ಮೆ ಸರ್ಕಾರಿ ಬಸ್ಸಿನಲ್ಲಿ. ಈ ಬರಹ ಆ ತಿರುಗಾಟದ ಲೆಕ್ಕ.

ಮೊದಲು ಒಂದು ಊರನ್ನು ಕೈಬಿಡಿ

ಯೋಜನೆ ಆರಂಭವಾಗುವುದು ಎಲ್ಲಿಗೆ ಹೋಗಬೇಕು ಎಂಬುದರಿಂದಲ್ಲ, ಎಲ್ಲಿಗೆ ಹೋಗಬಾರದು ಎಂಬುದರಿಂದ. ದೂರವನ್ನೊಮ್ಮೆ ಕೂಡಿ ನೋಡಿ. ಬೆಂಗಳೂರಿನಿಂದ ಹಾಸನ ಸುಮಾರು 185 ಕಿಲೋಮೀಟರ್. ಹಾಸನದಿಂದ ಬೇಲೂರು 40ರ ಆಸುಪಾಸು. ಬೇಲೂರಿನಿಂದ ಹಳೇಬೀಡು 16. ಹಳೇಬೀಡಿನಿಂದ ಮತ್ತೆ ಹಾಸನ ಮೂವತ್ತು ಚಿಲ್ಲರೆ. ಹೋಗಿ ಬರುವಷ್ಟರಲ್ಲಿ 450 ಕಿಲೋಮೀಟರ್ ದಾಟುತ್ತದೆ. ಎಷ್ಟೇ ಬೇಗ ಓಡಿಸಿದರೂ ಒಂಬತ್ತು ಗಂಟೆ ರಸ್ತೆಯ ಪಾಲು. ಹದಿನೇಳು ಗಂಟೆಯ ದಿನದಲ್ಲಿ ಒಂಬತ್ತು ಕಳೆದರೆ ಉಳಿಯುವುದು ಎಂಟು. ತಿಂಡಿ, ಊಟ, ಕಾಫಿ, ಚಪ್ಪಲಿ ಬಿಟ್ಟು ಮತ್ತೆ ಹುಡುಕುವ ಹೊತ್ತು, ಮಕ್ಕಳ ಐಸ್‌ಕ್ರೀಮು ಎಲ್ಲ ಸೇರಿ ಇನ್ನೆರಡೂವರೆ ಗಂಟೆ. ಕೈಯಲ್ಲಿ ನಿಲ್ಲುವುದು ಐದೂವರೆ.

ಈ ಐದೂವರೆ ಗಂಟೆಯನ್ನು ಎರಡು ಊರಿಗೆ ಹಂಚಿದರೆ ನೋಡಿದಂತಾಗುತ್ತದೆ. ಮೂರಕ್ಕೆ ಹಂಚಿದರೆ ಮುಟ್ಟಿ ಬಂದಂತಾಗುತ್ತದೆ. ಶ್ರವಣಬೆಳಗೊಳ ದಾರಿಯಲ್ಲೇ ಇದೆಯಲ್ಲ, ಹಿರೀಸಾವೆಯಲ್ಲಿ ಎಡಕ್ಕೆ ತಿರುಗಿದರಾಯಿತು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಜ. ಆದರೆ ಸುಮಾರು 650 ಮೆಟ್ಟಿಲು ಹತ್ತಿ ಇಳಿಯುವುದು ದಾರಿಯಲ್ಲಿ ಮುಗಿಸುವ ಕೆಲಸವಲ್ಲ. ಬೆಟ್ಟಕ್ಕೂ ಬೆಳಿಗ್ಗೆಯೇ ಬೇಕು, ಬೇಲೂರಿಗೂ ಬೆಳಿಗ್ಗೆಯೇ ಬೇಕು. ಒಂದು ದಿನಕ್ಕೆ ಬೆಳಿಗ್ಗೆ ಒಂದೇ.

ದಿನವನ್ನು ಸಂಜೆಯಿಂದ ಹಿಂದಕ್ಕೆ ಎಣಿಸಿ

ಎಲ್ಲರೂ ಹೊರಡುವ ಹೊತ್ತಿನಿಂದ ಮುಂದಕ್ಕೆ ಲೆಕ್ಕ ಹಾಕುತ್ತಾರೆ. ಹಾಗೆ ಮಾಡಿದರೆ ದಾರಿಯಲ್ಲಿ ಆದ ತಡವೆಲ್ಲ ಕೊನೆಯ ಊರಿನ ತಲೆಗೆ ಬೀಳುತ್ತದೆ. ತಲೆಕೆಳಗು ಮಾಡಿ: ಹಳೇಬೀಡಿನಲ್ಲಿ ಸೂರ್ಯ ಮುಳುಗುವ ಹೊತ್ತನ್ನು ಮೊದಲು ಬರೆದುಕೊಳ್ಳಿ. ಡಿಸೆಂಬರಿನಲ್ಲಿ ಅದು ಆರು ಗಂಟೆಯ ಸುಮಾರಿಗೆ, ಬೇಸಿಗೆಯಲ್ಲಿ ಆರೂವರೆ ದಾಟಿ.

ಹೊಯ್ಸಳೇಶ್ವರ ಗುಡಿಯ ಮುಖ ಪೂರ್ವಕ್ಕೆ. ಅತ್ಯಂತ ಸಮೃದ್ಧವಾದ ಕೆತ್ತನೆ ಇರುವುದು ಹಿಂದಿನ, ಅಂದರೆ ಪಶ್ಚಿಮದ ಗೋಡೆಯ ಮೇಲೆ. ಬೆಳಿಗ್ಗೆ ಹೋದರೆ ಆ ಗೋಡೆ ನೆರಳಿನಲ್ಲಿ ಚಪ್ಪಟೆಯಾಗಿ ಕಾಣುತ್ತದೆ. ಮಧ್ಯಾಹ್ನ ಎರಡೂವರೆಯ ನಂತರ ಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದು ಸರದ ಮಣಿಗೂ ಅದರದೇ ನೆರಳು ಮೂಡಿ ಕಲ್ಲಿಗೆ ಆಳ ಬರುತ್ತದೆ. ಆದ್ದರಿಂದ ಹಳೇಬೀಡಿನ ಈ ಗುಡಿಗೆ ಎರಡೂವರೆಯಿಂದ ನಾಲ್ಕೂವರೆ ಮೀಸಲು.

ಬೇಲೂರಿನದು ತದ್ವಿರುದ್ಧ. ಚೆನ್ನಕೇಶವ ಇಂದಿಗೂ ಪೂಜೆ ನಡೆಯುವ ದೇವರು. ಮಧ್ಯಾಹ್ನ ಸ್ವಲ್ಪ ಹೊತ್ತು ಗರ್ಭಗುಡಿಯ ಬಾಗಿಲು ಮುಚ್ಚುತ್ತಾರೆ. ಒಳಗೆ ನೋಡಬೇಕಾದ ಗುಡಿಗೆ ಬಾಗಿಲು ಮುಚ್ಚಿದ ಹೊತ್ತಿನಲ್ಲಿ ಹೋಗುವುದರಲ್ಲಿ ಅರ್ಥವಿಲ್ಲ. ಜೊತೆಗೆ ಪೂರ್ವದ ಬಾಗಿಲಿನಿಂದ ಬರುವ ಬೆಳಕು ಮುಂಜಾನೆಯಲ್ಲೇ ಹೆಚ್ಚು. ಹಾಗಾಗಿ ಬೇಲೂರಿಗೆ ಒಂಬತ್ತೂವರೆಯಿಂದ ಹನ್ನೆರಡು.

ಒಂಬತ್ತೂವರೆಗೆ ಬೇಲೂರಿನಲ್ಲಿ ಇರಬೇಕಾದರೆ, ಅರ್ಧ ಗಂಟೆ ತಿಂಡಿಗೆ ಬಿಟ್ಟು, ಬೆಂಗಳೂರಿನಿಂದ ಐದಕ್ಕೆ ಹೊರಡಬೇಕು. ಐದು ಎಂದರೆ ಗಾಡಿ ಗೇಟು ದಾಟುವ ಹೊತ್ತು, ಎಲ್ಲರೂ ಸ್ನಾನಕ್ಕೆ ಹೊರಡುವ ಹೊತ್ತಲ್ಲ.

ವಾರ ಮತ್ತು ತಿಂಗಳು

ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ಹವೆ ಹಿತ. ಜುಲೈ, ಆಗಸ್ಟ್‌ನಲ್ಲಿ ಮಲೆನಾಡಿನ ಮಳೆ ಬೇಲೂರಿನವರೆಗೂ ಬರುತ್ತದೆ. ಕಲ್ಲುಹಾಸು ಜಾರುತ್ತದೆ, ಆದರೆ ಮಳೆಯಲ್ಲಿ ನೆಂದ ಬಳಪದ ಕಲ್ಲಿನ ಕಪ್ಪು ಬೇರೆ ಯಾವ ಕಾಲದಲ್ಲೂ ಕಾಣಸಿಗದು. ನನಗಂತೂ ಕೊಡೆ ಹಿಡಿದು ನೋಡಿದ ಬೇಲೂರೇ ಹೆಚ್ಚು ಇಷ್ಟ. ಏಪ್ರಿಲ್, ಮೇ ಬಿಡಿ.

ವಾರದ ನಡುವಿನ ದಿನವಾದರೆ ಅರ್ಧ ಜಗಳ ತಪ್ಪುತ್ತದೆ. ಶುಕ್ರವಾರ ಮಾತ್ರ ಬೇಡ, ಹಳೇಬೀಡಿನ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಅಂದು ರಜೆ. ದೀಪಾವಳಿಯ ಆಸುಪಾಸಿನ ದಿನಗಳಲ್ಲಿ ಹೊರಡುವ ಮುನ್ನ ಎರಡು ಸಲ ಯೋಚಿಸಿ: ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನಕ್ಕೆ ನಾಡೇ ನೆರೆದು ಹಾಸನದೊಳಗೆ ಗಾಡಿ ಚಲಿಸುವುದೇ ಕಷ್ಟವಾಗುತ್ತದೆ. ಎರಡು ವರ್ಷದ ಹಿಂದೆ ಆ ದಟ್ಟಣೆಯಲ್ಲಿ ನಾನು ಒಂದೂಕಾಲು ಗಂಟೆ ಕಳೆದಿದ್ದೇನೆ.

ಹೋಗುವುದು ಹೇಗೆ

ಪ್ರವಾಸದ ಬಸ್ಸಿನಿಂದ ಆರಂಭಿಸೋಣ. ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವೂ ಹಲವು ಖಾಸಗಿ ಸಂಸ್ಥೆಗಳೂ ಬೆಂಗಳೂರಿನಿಂದ ಹೊಯ್ಸಳ ಊರುಗಳಿಗೆ ಪ್ರವಾಸ ನಡೆಸುತ್ತವೆ. ಒಬ್ಬರೇ ಹೋಗುವವರಿಗೆ, ಗಾಡಿ ಓಡಿಸಲಾಗದ ಹಿರಿಯರಿಗೆ, ಊರಿಗೆ ಹೊಸಬರಿಗೆ ಇದು ಸುಲಭ. ದಾರಿಯ ಚಿಂತೆಯಿಲ್ಲ, ಹಿಂದಿರುಗುವ ಖಾತರಿ ಇದೆ. ಆದರೆ ದುಡ್ಡು ಕೊಡುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ಕೊನೆಯ ಪ್ರಯಾಣಿಕ ಹತ್ತುವುದು ಎಲ್ಲಿ, ಎಷ್ಟು ಹೊತ್ತಿಗೆ? ಪ್ರತಿ ಊರಿನಲ್ಲಿ ಎಷ್ಟು ನಿಮಿಷ ಬಿಡುತ್ತೀರಿ? ಗುಡಿಯೊಳಗಿನ ಗೈಡ್ ವೆಚ್ಚ ಇದರಲ್ಲೇ ಸೇರಿದೆಯೇ? ದಾರಿಯಲ್ಲಿ ‘ಶಾಪಿಂಗ್’ ನಿಲುಗಡೆ ಇದೆಯೇ? ಎರಡನೆಯ ಪ್ರಶ್ನೆಗೆ ‘ಸಾಕಷ್ಟು ಸಮಯ ಕೊಡುತ್ತೇವೆ’ ಎಂಬ ಉತ್ತರ ಬಂದರೆ ಬೇರೆ ಕಡೆ ವಿಚಾರಿಸಿ. ಸಾಕಷ್ಟು ಎನ್ನುವುದು ಗಡಿಯಾರದ ಮಾತಲ್ಲ.

ಬಾಡಿಗೆ ಟ್ಯಾಕ್ಸಿ ನಾಲ್ಕು ಜನರ ಕುಟುಂಬಕ್ಕೆ ಹೇಳಿಮಾಡಿಸಿದ್ದು. ಕಿಲೋಮೀಟರ್ ದರ ಮಾತ್ರ ಕೇಳಿ ಸಮಾಧಾನಪಡಬೇಡಿ. ಲೆಕ್ಕ ನಿಮ್ಮ ಮನೆಯಿಂದಲೋ ಅವರ ಗ್ಯಾರೇಜಿನಿಂದಲೋ, ಚಾಲಕನ ಬಾಟಾ ಎಷ್ಟು, ರಾತ್ರಿ ಹತ್ತು ದಾಟಿದರೆ ಹೆಚ್ಚುವರಿ ಉಂಟೇ, ಟೋಲ್ ಯಾರದು ಎಂಬುದನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಇನ್ನೊಂದು ಮಾತು: ಹಿಂದಿನ ರಾತ್ರಿ ಹನ್ನೆರಡರವರೆಗೆ ವಿಮಾನ ನಿಲ್ದಾಣಕ್ಕೆ ಓಡಿಸಿದ ಚಾಲಕನನ್ನು ಬೆಳಗಿನ ಐದಕ್ಕೆ ಕಳಿಸುವವರಿದ್ದಾರೆ. ‘ನಿನ್ನೆ ಎಷ್ಟು ಹೊತ್ತಿಗೆ ಮಲಗಿದಿರಿ?’ ಎಂದು ಕೇಳುವುದಕ್ಕೆ ಸಂಕೋಚ ಬೇಡ.

ಸ್ವಂತ ಕಾರಿನಲ್ಲಿ ಹೋಗುವವರು ಇಂಧನವನ್ನು 460 ಕಿಲೋಮೀಟರಿಗೆ ಲೆಕ್ಕ ಹಾಕಿ. ಲೀಟರಿಗೆ ಹದಿನೈದು ಕೊಡುವ ಕಾರಿಗೆ ಸುಮಾರು ಮೂವತ್ತೊಂದು ಲೀಟರ್ ಬೇಕು. ಓಡಿಸಲು ಇಬ್ಬರಿರಲಿ, ಒಬ್ಬರೇ ಆದರೆ ಹಾಸನದಲ್ಲಿ ರಾತ್ರಿ ತಂಗುವುದು ಒಳಿತು. ದಕ್ಷಿಣ ಬೆಂಗಳೂರಿನವರು ಊರೊಳಗೆ ನುಗ್ಗದೆ ನೈಸ್ ರಸ್ತೆ ಹಿಡಿದು ತುಮಕೂರು ರಸ್ತೆಗೆ ಬನ್ನಿ. ನೆಲಮಂಗಲದಲ್ಲಿ ಹಾಸನದ ಕವಲು ಹಿಡಿದರೆ ಕುಣಿಗಲ್, ಎಡೆಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ. ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. ತಿಂಡಿಗೆ ಕುಣಿಗಲ್ ದಾಟುವವರೆಗೆ ತಾಳಿ. ನೆಲಮಂಗಲದ ಸುತ್ತಲೇ ನಿಂತರೆ ಊರು ಬಿಟ್ಟ ಲಾಭವೆಲ್ಲ ಹೋಟೆಲಿನ ಸರದಿಯಲ್ಲಿ ಕರಗುತ್ತದೆ.

ಸರ್ಕಾರಿ ಬಸ್ಸಿನಲ್ಲಿ ಸಾಧ್ಯವೇ? ಸಾಧ್ಯ, ಗಟ್ಟಿ ಜೀವವಿದ್ದರೆ. ಮೆಜೆಸ್ಟಿಕ್‌ನಿಂದ ಹಾಸನಕ್ಕೆ ದಿನವಿಡೀ ಬಸ್ಸುಗಳಿವೆ. ಅದಕ್ಕಿಂತ ಜಾಣತನವೆಂದರೆ ಹಾಸನ, ಬೇಲೂರು ಮಾರ್ಗವಾಗಿ ಹೋಗುವ ಚಿಕ್ಕಮಗಳೂರಿನ ಬಸ್ಸು ಹತ್ತುವುದು. ನೇರ ಬೇಲೂರಿನಲ್ಲೇ ಇಳಿಯಬಹುದು. ಹತ್ತುವಾಗ ನಿರ್ವಾಹಕರನ್ನು ಕೇಳಿ, ಕಡೂರಿನ ಮೇಲೆ ಹೋಗುವ ಚಿಕ್ಕಮಗಳೂರು ಬಸ್ಸುಗಳೂ ಇವೆ. ಬೇಲೂರಿನಿಂದ ಹಳೇಬೀಡಿಗೆ, ಹಳೇಬೀಡಿನಿಂದ ಹಾಸನಕ್ಕೆ ಸ್ಥಳೀಯ ಬಸ್ಸುಗಳು ಸಿಗುತ್ತವೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಕರ್ನಾಟಕದ ಮಹಿಳೆಯರು ಗುರುತಿನ ಚೀಟಿ ತೋರಿಸಿ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಪಡೆಯಬಹುದು; ರಾಜಹಂಸ, ಐರಾವತದಂಥವಕ್ಕೆ ಇದು ಅನ್ವಯಿಸದು. ನನ್ನ ಅಕ್ಕ ತನ್ನ ಮೂವರು ಗೆಳತಿಯರೊಂದಿಗೆ ಹೀಗೆ ಹೋಗಿ ಬಂದಳು. ಬಸ್ಸಿಗೆ ಒಂದು ರೂಪಾಯಿ ಖರ್ಚಿಲ್ಲ, ಖರ್ಚೆಲ್ಲ ಚುರುಮುರಿ, ಎಳನೀರಿಗೆ. ಮನೆ ಸೇರಿದಾಗ ಮಾತ್ರ ರಾತ್ರಿ ಹನ್ನೊಂದು.

ರೈಲು 2017ರಿಂದ ನೆಲಮಂಗಲ, ಶ್ರವಣಬೆಳಗೊಳದ ಮೇಲೆ ಹಾಸನದವರೆಗೆ ನೇರವಾಗಿ ಓಡುತ್ತಿದೆ. ಆದರೆ ಮುಂದಿನ ಸುಮಾರು ತೊಂಬತ್ತು ಕಿಲೋಮೀಟರ್ ಸುತ್ತಿಗೆ ಮತ್ತೆ ಬಸ್ಸೋ ಟ್ಯಾಕ್ಸಿಯೋ ಬೇಕು. ಒಂದು ದಿನದ ಆಟಕ್ಕೆ ಇದನ್ನು ಸೇರಿಸಬೇಡಿ.

ಗೈಡ್ ಬೇಕೇ? ಬೇಕು, ಆದರೆ ಗುಡಿಯ ಬಾಗಿಲಲ್ಲಿ

ಎಲ್ಲಾದರೂ ದುಡ್ಡು ಉಳಿಸಿ, ಇಲ್ಲಿ ಮಾತ್ರ ಬೇಡ. ಬಸ್ಸಿನಲ್ಲಿ ಮೈಕು ಹಿಡಿದವರು ಮೂರು ಊರಿಗೂ ಒಂದೇ ಕಥೆ ಹೇಳುತ್ತಾರೆ. ಗುಡಿಯ ಬಳಿ ಸಿಗುವ ಪರವಾನಗಿ ಪಡೆದ ಗೈಡುಗಳಿಗೆ ಅದೇ ಅಂಗಳ ನಿತ್ಯದ ಬದುಕು. ಯಾವ ಹೊತ್ತಿಗೆ ಯಾವ ಕಂಬದ ಮೇಲೆ ಬೆಳಕು ಬೀಳುತ್ತದೆ ಎಂಬುದು ಅವರಿಗೆ ಬಾಯಿಪಾಠ. ಗುರುತಿನ ಚೀಟಿ ನೋಡಿ, ದರವನ್ನೂ ಹೊತ್ತನ್ನೂ ಮೊದಲೇ ಮಾತಾಡಿ, ಕನ್ನಡದಲ್ಲೇ ಹೇಳಲು ಕೇಳಿ. ಇಂಗ್ಲಿಷಿನಲ್ಲಿ ಒಪ್ಪಿಸುವಾಗ ಪಾಠದಂತಿರುವ ಅದೇ ವಿವರಣೆ ಕನ್ನಡಕ್ಕೆ ತಿರುಗಿದ ಕೂಡಲೇ ಹರಟೆಯಾಗುತ್ತದೆ, ತಮಾಷೆ ಬರುತ್ತದೆ.

ಒಂದು ಎಚ್ಚರ. ಸುತ್ತು ಬೇಗ ಮುಗಿಸುವ ಅವಸರ ಕೆಲವರಿಗಿರುತ್ತದೆ. ‘ನಮಗೆ ಎಲ್ಲವೂ ಬೇಡ, ಹತ್ತು ಶಿಲ್ಪ ಸಾಕು, ನಿಧಾನವಾಗಿ ತೋರಿಸಿ’ ಎಂದುಬಿಡಿ. ಹೀಗೆ ಕೇಳಿದಾಗ ಒಬ್ಬ ಹಿರಿಯ ಗೈಡು ನನ್ನನ್ನು ಒಂದು ಕ್ಷಣ ನೋಡಿ, ಟಾರ್ಚನ್ನು ಜೇಬಿನಿಂದ ತೆಗೆದು, ‘ಹಾಗಾದರೆ ಬನ್ನಿ’ ಎಂದು ಮತ್ತೆ ಮೊದಲಿನಿಂದ ಶುರುಮಾಡಿದರು.

ಬೇಲೂರು: ಒಂಬತ್ತೂವರೆಯಿಂದ ಹನ್ನೆರಡು

ಚಪ್ಪಲಿ ಬಿಟ್ಟು, ಸಾಕ್ಸ್ ಹಾಕಿಕೊಂಡು ನೇರ ಒಳಗೆ ನಡೆಯಿರಿ. ಹೊರಗಿನ ಮದನಿಕೆಯರು, ಅಂದರೆ ಶಿಲಾಬಾಲಿಕೆಯರು, ಕಾಯುತ್ತಾರೆ, ಗರ್ಭಗುಡಿಯ ಬಾಗಿಲು ಕಾಯುವುದಿಲ್ಲ. ಹೊಯ್ಸಳ ದೊರೆ ವಿಷ್ಣುವರ್ಧನ ಇದನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ, ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ ಬಳಿಕ. ದೇವರ ಹೆಸರು ಆಗ ವಿಜಯನಾರಾಯಣ. ಒಳಗೆ ಕಾಲಿಟ್ಟಾಗ ಕಣ್ಣಿಗೆ ಕತ್ತಲು ಕವಿಯುತ್ತದೆ. ಒಂದೆರಡು ನಿಮಿಷ ಸುಮ್ಮನೆ ನಿಲ್ಲಿ. ಮೊದಲು ಕಂಬಗಳ ಹೊಳಪು, ಆಮೇಲೆ ಅವುಗಳ ಅಂಚು, ಕೊನೆಗೆ ಮೇಲಿನ ಭುವನೇಶ್ವರಿ ಎಂಬ ಕೆತ್ತನೆಯ ಚಾವಣಿ ಒಂದೊಂದಾಗಿ ಮೂಡುತ್ತವೆ. ಚರಕಿಯಲ್ಲಿ ಕಡೆದಂತಿರುವ ಕಂಬಗಳ ನಡುವೆ ನರಸಿಂಹ ಕಂಬವನ್ನು ಕೇಳಿ ನೋಡಿ. ತಲೆಯಿಂದ ಬುಡದವರೆಗೆ ಬೊಟ್ಟಿನಷ್ಟು ಗಾತ್ರದ ಮೂರ್ತಿಗಳು ಕಿಕ್ಕಿರಿದಿವೆ. ಹಿಂದೆ ಅದು ತಿರುಗುತ್ತಿತ್ತೆಂದು ಹೇಳುತ್ತಾರೆ. ಮದನಿಕೆಯರಲ್ಲಿ ನಾಲ್ವರು ಇರುವುದು ಒಳಗೇ, ಇದೇ ನಡು ಅಂಕಣದ ಮೂಲೆಗಳಲ್ಲಿ. ಹೊರಗೆ ಮಾತ್ರ ಎಣಿಸಿ ಮೂವತ್ತೆಂಟಕ್ಕೆ ನಿಲ್ಲಿಸುವವರು ಇವರನ್ನು ಮರೆತೇಬಿಡುತ್ತಾರೆ.

ಆಮೇಲೆ ಹೊರಗೆ. ಮದನಿಕೆಯರು ಸೂರಿನ ಕೆಳಗೆ ಮುಂದಕ್ಕೆ ಬಾಗಿ ನಿಂತಿದ್ದಾರೆ, ಬರಿಗಣ್ಣಿಗೆ ದೂರ. ಮನೆಯಲ್ಲಿ ಸಣ್ಣ ದುರ್ಬೀನು ಇದ್ದರೆ ತನ್ನಿ. ಕ್ಯಾಮೆರಾಕ್ಕಿಂತ ಇದು ಉಪಯೋಗಿ. ಹಲಸಿನ ಹಣ್ಣಿನ ಮೇಲೆ ಕುಳಿತ ನೊಣ, ಅದಕ್ಕೆ ಹೊಂಚು ಹಾಕಿದ ಹಲ್ಲಿ ಕಾಣುವುದು ಅದರಲ್ಲೇ. ನನ್ನ ಮಗಳು ದರ್ಪಣ ಸುಂದರಿಯನ್ನು ಬಿಟ್ಟು ಆ ಹಲ್ಲಿಯನ್ನೇ ಹತ್ತು ನಿಮಿಷ ನೋಡಿದಳು.

ಶಿಲ್ಪಗಳ ಪೀಠವನ್ನು ತಪ್ಪದೆ ನೋಡಿ. ಮಾಡಿದವರ ಹೆಸರು ಕನ್ನಡ ಅಕ್ಷರದಲ್ಲಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಂತಮ್ಮ ಕೆಲಸಕ್ಕೆ ಹೆಸರು ಕೆತ್ತಿಕೊಂಡಿದ್ದಾರೆ. ಒಂಬೈನೂರು ವರ್ಷ ಹಳೆಯ ಲಿಪಿಯಾದರೂ ಗೈಡು ಬೆರಳಿಟ್ಟು ತೋರಿಸಿದರೆ ‘ದ’ಕಾರ, ‘ಸ’ಕಾರ ಹೊಂದಿಸಿಕೊಳ್ಳಬಹುದು. ಶಾಲೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆಟವಿಲ್ಲ.

ಅಂಗಳದ ಎತ್ತರದ ದೀಪಸ್ತಂಭದ ಬಳಿ ಜನ ಗುಂಪುಗೂಡಿ, ಅದು ಪೂರ್ತಿ ನೆಲಕ್ಕೆ ತಾಗಿಲ್ಲವೆಂದು ತೋರಿಸಲು ಬುಡದ ಕೆಳಗೆ ಕಾಗದ ತೂರಿಸುತ್ತಿರುತ್ತಾರೆ. ಐದು ನಿಮಿಷ ಸಾಕು.

ಊಟ ಬೇಲೂರಿನಲ್ಲೇ ಮುಗಿಸಿ. ಹಳೇಬೀಡು ಸಣ್ಣ ಊರು, ಹಸಿದು ಹೋಗಬೇಡಿ.

ಹಳೇಬೀಡು: ಒಂದೂಕಾಲರಿಂದ ನಾಲ್ಕೂವರೆ

ಊರು ಮುಟ್ಟಿದ ಕೂಡಲೇ ದೊಡ್ಡ ಗುಡಿಗೆ ಹೋಗಬೇಡಿ. ಬಿಸಿಲು ಇನ್ನೂ ನೆತ್ತಿಯ ಮೇಲಿದೆ, ಕಲ್ಲು ಸುಡುತ್ತಿದೆ. ಮುಂದೆ ಬಸ್ತಿಹಳ್ಳಿಯ ಬಸದಿಗಳಿಗೆ ನಡೆಯಿರಿ. ಪಾರ್ಶ್ವನಾಥ ಬಸದಿಯ ಒಳಗೆ ತಂಪು, ನಿಶ್ಶಬ್ದ. ಕಂಬಗಳಿಗೆ ಕನ್ನಡಿಯ ನುಣುಪು. ಒಂದರ ಮುಂದೆ ನಿಂತರೆ ನಿಮ್ಮ ಪ್ರತಿಬಿಂಬ ಉದ್ದುದ್ದಕ್ಕೆ ಎಳೆದಂತೆ ಕಾಣುತ್ತದೆ. ಬಹುಪಾಲು ಬಸ್ಸುಗಳು ಇಲ್ಲಿಗೆ ಬರುವುದೇ ಇಲ್ಲ. ಅಲ್ಲಿಂದ ಇಮ್ಮಡಿ ಬಲ್ಲಾಳನ ಕಾಲದ ಕೇದಾರೇಶ್ವರ. ಹುಲ್ಲುಹಾಸಿನ ನಡುವೆ ಒಂಟಿಯಾಗಿ ನಿಂತಿರುವ ಈ ಗುಡಿಯಲ್ಲಿ ಹತ್ತು ಜನರಿದ್ದರೆ ಹೆಚ್ಚು.

ಎರಡೂವರೆಗೆ ಹೊಯ್ಸಳೇಶ್ವರ. ಕೆಲಸ ಶುರುವಾದದ್ದು 1121ರ ಸುಮಾರಿಗೆ. ಹೊಯ್ಸಳೇಶ್ವರ, ಶಾಂತಲೇಶ್ವರ ಎಂಬ ಎರಡು ಗುಡಿ ಮೈಗೆ ಮೈ ತಾಗಿಸಿ ನಿಂತಿವೆ, ಎದುರಿಗೆ ಎರಡು ನಂದಿ. ಗೋಡೆಯನ್ನು ನೋಡುವುದಕ್ಕೆ ಒಂದು ಕ್ರಮವಿದೆ: ಒಂದೇ ಜಾಗದಲ್ಲಿ ನಿಂತು ಕೆಳಗಿನಿಂದ ಮೇಲಕ್ಕೆ ಕಣ್ಣಾಡಿಸಿ. ಎಲ್ಲವನ್ನೂ ಹೊತ್ತ ಆನೆಗಳು ತಳದಲ್ಲಿ, ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಅದರ ಮೇಲೆ ರಾಮಾಯಣ, ಮಹಾಭಾರತದ ಕಥೆಯ ಪಟ್ಟಿ, ಮಕರ, ಹಂಸ. ಅದರ ಮೇಲೆ ದೊಡ್ಡ ಮೂರ್ತಿಗಳು. ಹೀಗೆ ಒಂದು ಲಂಬ ಸಾಲನ್ನು ಓದಿದ ಮೇಲೆ ಪಕ್ಕಕ್ಕೆ ಸರಿಯಿರಿ. ಕೈಲಾಸವನ್ನೆತ್ತುವ ರಾವಣನ ಬಳಿ ಕಡಿಮೆಯೆಂದರೂ ಹತ್ತು ನಿಮಿಷ. ಬೆಟ್ಟದ ಒಂದೊಂದು ಪದರದಲ್ಲೂ ಪ್ರಾಣಿ, ಗಣ, ಮರ. ಅಡಿಯಲ್ಲಿ ರಾವಣನ ತೋಳುಗಳು ಬಿಗಿದು ನಿಂತಿವೆ.

ಹೊರಡುವ ಮುನ್ನ ದಕ್ಷಿಣದ ಕಡೆ ಇರುವ ಗರುಡಗಂಬವನ್ನು ಹುಡುಕಿ. ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ ದೊರೆ ಸತ್ತಾಗ ತನ್ನ ಪರಿವಾರದೊಂದಿಗೆ ಪ್ರಾಣ ಕೊಟ್ಟದ್ದರ ನೆನಪಿನ ಕಂಬ ಅದು. ಕತ್ತಿ ಹಿಡಿದು ತಮ್ಮ ತಲೆಯನ್ನು ತಾವೇ ತರಿದುಕೊಳ್ಳುವ ಗರುಡರು, ಅಂದರೆ ದೊರೆಯ ಅಂಗರಕ್ಷಕ ವೀರರು, ಅದರ ಮೇಲಿದ್ದಾರೆ. ಅಷ್ಟೆಲ್ಲ ನರ್ತಿಸುವ ಕಲ್ಲನ್ನು ನೋಡಿದ ಕಣ್ಣಿಗೆ ಈ ಕಂಬ ಇದ್ದಕ್ಕಿದ್ದಂತೆ ಬೇರೆಯೇ ಹೊಯ್ಸಳರನ್ನು ತೋರಿಸುತ್ತದೆ.

ನಾಲ್ಕೂವರೆಗೆ ಏಳಿ. ಸೂರ್ಯಾಸ್ತದವರೆಗೆ ಇರಬೇಕೆನಿಸುತ್ತದೆ, ಇರುವವರು ಹಾಸನದಲ್ಲೇ ಕೋಣೆ ಹಿಡಿಯಲಿ.

ಚೀಲದಲ್ಲಿ ಏನಿರಬೇಕು

ದಪ್ಪ ಸಾಕ್ಸ್, ಟಾರ್ಚ್, ದುರ್ಬೀನು, ಟೊಪ್ಪಿ, ತಲಾ ಎರಡು ಲೀಟರ್ ನೀರು, ಚಿಲ್ಲರೆ ಹಣ. ಮೊಬೈಲ್ ಪಾವತಿ ಎಲ್ಲೆಡೆ ನಡೆಯುತ್ತದೆ ಎಂದುಕೊಂಡು ಹೋದವರು ಚಪ್ಪಲಿ ಕಾಯುವವರ ಮುಂದೆ ಪೆಚ್ಚಾಗುತ್ತಾರೆ. ಹಿರಿಯರ ಮಾತ್ರೆಗಳು ಕಾರಿನಲ್ಲಲ್ಲ, ಕೈಚೀಲದಲ್ಲಿರಲಿ.

ಹಿಂದಿರುಗುವಾಗ

ಚನ್ನರಾಯಪಟ್ಟಣ ಬರುವಾಗ ಕತ್ತಲಾಗಿರುತ್ತದೆ. ಅಲ್ಲಿ ಕಾಫಿ, ಚಾಲಕ ಬದಲಾವಣೆ. ಭಾನುವಾರವಾದರೆ ನೆಲಮಂಗಲದಲ್ಲಿ ತುಮಕೂರು ಕಡೆಯ ವಾಹನಗಳೂ ಬಂದು ಸೇರಿ ಪೀಣ್ಯದವರೆಗೆ ಆಮೆ ನಡಿಗೆ. ಒಂಬತ್ತೂವರೆಗೆ ಮನೆ ಎಂದು ಲೆಕ್ಕ ಹಾಕಿದ್ದರೆ ಹತ್ತೂವರೆ ಎಂದು ತಿದ್ದಿಕೊಳ್ಳಿ. ಮರುದಿನ ಬೆಳಿಗ್ಗೆ ಎಂಟಕ್ಕೆ ಯಾವ ಸಭೆಯನ್ನೂ ಇಟ್ಟುಕೊಳ್ಳಬೇಡಿ.

ಕೈಬಿಟ್ಟ ಶ್ರವಣಬೆಳಗೊಳಕ್ಕೆ ಇನ್ನೊಂದು ದಿನ ಹೋಗಿ, ದೂರ ಬರೀ 145 ಕಿಲೋಮೀಟರ್. ನಾಲ್ಕಕ್ಕೆ ಹೊರಟರೆ ಏಳೂವರೆಗೆಲ್ಲ ಮೆಟ್ಟಿಲ ಮೇಲಿರುತ್ತೀರಿ, ಬಂಡೆ ಇನ್ನೂ ರಾತ್ರಿಯ ತಂಪಿನಲ್ಲಿರುತ್ತದೆ. ಹತ್ತಲಾಗದವರಿಗೆ ಡೋಲಿ ಸಿಗುತ್ತದೆ. ಕಳೆದ ಚಳಿಗಾಲದಲ್ಲಿ ಅಮ್ಮನನ್ನು ಹಾಗೆಯೇ ಕರೆದುಕೊಂಡು ಹೋದೆ. ಡೋಲಿ ಬೇಡವೆಂದರು. ಐವತ್ತೈವತ್ತು ಮೆಟ್ಟಿಲಿಗೊಮ್ಮೆ ಕುಳಿತು, ಒಂದೂಕಾಲು ಗಂಟೆ ತೆಗೆದುಕೊಂಡು, ಒಂಬತ್ತಕ್ಕೆ ಮುನ್ನ ಬಾಹುಬಲಿಯ ಪಾದದ ಬಳಿ ಕುಳಿತು ಸಾಕ್ಸ್ ಬಿಚ್ಚಿದರು.